ಸುಬ್ಬರಾಯರ ಕಿವಿಗೆ ಐದು ಅಂಕ

ನಂಗಲಿಯ ಹತ್ತಿರದಿಂದ
ಆಗಸ್ಟ್ 12, 1981

ಪೂರ್ವ ತಾಲ್ಲೂಕುಗಳ ಸಂಯುಕ್ತ ಪರೀಕ್ಷಾ ಸಮಿತಿಯ ಮುಖ್ಯ ಪರೀಕ್ಷಕರೂ, ಒಂಬತ್ತನೇ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯ ಕರ್ತೃಗಳೂ, ಅದರ ಮಾದರಿ ಉತ್ತರಗಳ ಏಕೈಕ ಒಡೆಯರೂ ಆದ ಶ್ರೀ ವೆಂಕಟರಾಯಪ್ಪನವರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕೆಂಪು ಮಸಿಯ ಸೀಸೆಯೂ ಸೌಖ್ಯವೆಂದು ನಂಬಿ, ಇಲ್ಲಿ ನಾನೂ ನನ್ನ ತರಗತಿಯ ಮಕ್ಕಳೂ ಅಂಕ ಒಂದಿಷ್ಟು ಕಡಿಮೆಯಾದರೂ ಉಸಿರಾಡಿಕೊಂಡಿದ್ದೇವೆಂದು ತಿಳಿಸುತ್ತಾ, ತಮ್ಮ ಅಮೂಲ್ಯ ಸಮಯದಲ್ಲಿ ಹತ್ತು ನಿಮಿಷವನ್ನು ಕದಿಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ತಮ್ಮ ಕಚೇರಿಯಿಂದ ಬಂದದ್ದು ಒಂದೇ ಒಂದು ಸೈಕ್ಲೋಸ್ಟೈಲ್ ಚೀಟಿ. ಅದರಲ್ಲಿ 'ಮಾದರಿ ಉತ್ತರವೇ ಅಂತಿಮ' ಎಂದಿತ್ತು. ಮೂರು ಪತ್ರಗಳಲ್ಲಿ ನಾನು ಹೇಳಲಾಗದ್ದನ್ನು ತಾವು ಮೂರೇ ಪದಗಳಲ್ಲಿ ಹೇಳಿ ಮುಗಿಸಿದ ಸಂಕ್ಷೇಪ ಶೈಲಿಯನ್ನು ಅಂದಿನಿಂದ ಮಕ್ಕಳಿಗೆ ಉದಾಹರಣೆಯಾಗಿ ಕೊಡುತ್ತಿದ್ದೇನೆ.

ನಾನು ಮಾಲೂರು ತಾಲ್ಲೂಕಿನ ಲಕ್ಕೂರಿನವನು. ಹದಿನೆಂಟು ವರ್ಷಗಳಿಂದ ಈ ಗಡಿಯಂಚಿನ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದೇನೆ. ಇಲ್ಲಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೆದ್ದಾರಿಯ ಲಾರಿ ಡ್ರೈವರುಗಳೊಡನೆ ಅವರವರ ಭಾಷೆ ಆಡಿ ಬೆಳೆದವರು. ಕಾಗುಣಿತದಲ್ಲಿ ಅವರು ಸ್ವಲ್ಪ ಬಡವರು ಎಂಬುದನ್ನು ತಾವು ಹೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಒಬ್ಬ ಮನುಷ್ಯ ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಿದ್ದರೆ ಅದನ್ನು ಮೂರು ಭಾಷೆಗಳಲ್ಲಿ ಕಂಡುಹಿಡಿಯಬಲ್ಲರು.

ಕಳೆದ ವರ್ಷ ಸಮಿತಿಯು ಒಂಬತ್ತನೆಯವರಿಗೆ 'ಸುಬ್ಬರಾಯರ ಕಿವಿ' ಎಂಬ ಹಾಸ್ಯನಾಟಕವನ್ನು ಪಠ್ಯವಾಗಿ ಇಟ್ಟಿತಷ್ಟೆ. ನಮ್ಮ ತಾತಂದಿರ ಕಾಲದಿಂದ ಕಂಪನಿಗಳು ಆಡುತ್ತ ಬಂದ ನಾಟಕ ಅದು. ತಾವದನ್ನು ಓದಿದ್ದೀರೆಂಬ ವದಂತಿ ಇರುವುದಾದರೂ, ಬಹಿರಂಗ ಪತ್ರವಾದ್ದರಿಂದ ಉಳಿದವರಿಗಾಗಿ ಕಥೆ ಹೇಳುತ್ತೇನೆ. ಸುಬ್ಬರಾಯರೆಂಬ ಶ್ರೀಮಂತ ಮುದುಕರು, ಮನೆಯವರು ತಮ್ಮ ಹಿಂದೆ ಏನೇನು ಆಡಿಕೊಳ್ಳುತ್ತಾರೆಂದು ತಿಳಿಯಲು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಕಿವುಡರಾಗಿಬಿಡುತ್ತಾರೆ, ಅಂದರೆ ಕಿವುಡರಂತೆ ನಟಿಸುತ್ತಾರೆ. ಮಗಳನ್ನು ಕೇಳಿಕೊಂಡು ಬರುವ ವರರು ಅವರ ಮುಂದೆ ಗಟ್ಟಿಯಾಗಿ ಹೊಗಳುತ್ತಾರೆ, ಮೆಲ್ಲಗೆ ಬೈಯುತ್ತಾರೆ. ಮಗಳು ಈ ಮದುವೆ ಬೇಡವೆಂದು ಬಾಗಿಲ ಹಿಂದೆ ಅಳುತ್ತಾಳೆ. ಒಲೆಯ ಮೇಲೆ ಹಾಲು ಉಕ್ಕಿದ ಸದ್ದಿಗೆ ಮುದುಕರು ತಿರುಗಿ ನೋಡಿದ್ದನ್ನು ಕಂಡು, ಅಡುಗೆಯ ಪುಟ್ಟಕ್ಕನೊಬ್ಬಳಿಗೆ ಮಾತ್ರ ಮೊದಲ ದಿನವೇ ಗುಟ್ಟು ಗೊತ್ತಾಗಿರುತ್ತದೆ. ಕೊನೆಯಲ್ಲಿ ಆಕೆಯೇ ಎಲ್ಲರೆದುರು ಬಯಲು ಮಾಡುತ್ತಾಳೆ.

ತರಗತಿಯಲ್ಲಿ ಮೊದಲ ಅಂಕ ಓದಿದಾಗ ಮಕ್ಕಳು ನಗಲಿಲ್ಲ. ಪಠ್ಯಪುಸ್ತಕದಲ್ಲಿ ನಗುವುದು ಶಿಸ್ತಿಗೆ ವಿರುದ್ಧವೆಂದು ಅವರಿಗೆ ಯಾರೋ ಕಲಿಸಿಬಿಟ್ಟಿದ್ದರು. ಆ ಯಾರೋ ನಾನೇ ಇರಬೇಕು. ಎರಡನೇ ಪುಟಕ್ಕೆ ಮುನಿಯಲ್ಲಮ್ಮ ಎಂಬ ಹುಡುಗಿ ಎದ್ದು ನಿಂತು, "ಸಾರ್, ಆಯಪ್ಪ ಚೆವುಡು ಕಾದು ಸಾರ್! ಅಂತಾ ನಾಟಕಂ!" ಎಂದು ಕೂಗಿದಳು. ಆತ ಕಿವುಡನಲ್ಲ, ಎಲ್ಲ ನಾಟಕ ಎಂದು. ಆಮೇಲೆ ತಾನು ತೆಲುಗಿನಲ್ಲಿ ಕೂಗಿದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡು, "ನಮ್ಮ ಅಜ್ಜೀನೂ ಹಂಗೇ ಸಾರ್. ರೇಷ್ಮೆ ಹುಳಕ್ಕೆ ಸೊಪ್ಪು ಹಾಕು ಅಂದ್ರೆ ಕೇಳ್ಸಲ್ಲ. ಬೋಂಡಾ ಎಣ್ಣೇಲಿ ಬಿದ್ರೆ ಕೇಳ್ಸುತ್ತೆ" ಎಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಹದಿನೆಂಟು ವರ್ಷದಲ್ಲಿ ನಾನು ಕಂಡ ಅತ್ಯುತ್ತಮ ಪಾಠ ಅದು, ಮತ್ತು ಅದನ್ನು ಮಾಡಿದವನು ನಾನಲ್ಲ.

ಇನ್ನು ತಮ್ಮ ಪ್ರಶ್ನೆಪತ್ರಿಕೆಗೆ ಬರುತ್ತೇನೆ. ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯವನ್ನು ಅಳೆಯುವ ಭಾಗದಲ್ಲಿ ಹನ್ನೊಂದನೆಯ ಪ್ರಶ್ನೆ: 'ಸುಬ್ಬರಾಯರು ಕಿವುಡರಾಗಲು ಕಾರಣವೇನು? ವಿವರಿಸಿ. (ಐದು ಅಂಕ)'. ಈ ಪ್ರಶ್ನೆಯ ಚಾತುರ್ಯವನ್ನು ನಾನು ಮೆಚ್ಚಿ ತಲೆದೂಗಿದೆ, ಮಕ್ಕಳು ನಟನೆಯನ್ನು ಹಿಡಿಯುತ್ತಾರೋ ಇಲ್ಲವೋ ನೋಡಲು ಹಾಕಿದ ಸೊಗಸಾದ ಬಲೆ ಎಂದುಕೊಂಡೆ. ಏಪ್ರಿಲ್‌ನಲ್ಲಿ ಕೋಲಾರದ ಮೌಲ್ಯಮಾಪನಕ್ಕೆ ಹೋಗಿ ಮಾದರಿ ಉತ್ತರದ ಹಾಳೆ ಕೈಗೆ ಬಂದಾಗ ತಿಳಿಯಿತು, ಬಲೆ ಹಾಕಿದವರೇ ಅದರೊಳಗೆ ಆರಾಮವಾಗಿ ಕುಳಿತಿದ್ದರು. ಉತ್ತರ ಹೀಗಿತ್ತು: 'ವೃದ್ಧಾಪ್ಯದಿಂದ. ಬೇರೆ ಉತ್ತರಗಳಿಗೆ ಅಂಕ ಕೊಡತಕ್ಕದ್ದಲ್ಲ.'

ಅಂದು ನಾನು ಎದ್ದು ನಿಂತು ಮಾತಾಡಬೇಕಿತ್ತು. ಎದ್ದದ್ದೇನೋ ನಿಜ, ಕಾಫಿ ಬಂದಿದೆಯೇ ಎಂದು ನೋಡಲು. ಊಟಕ್ಕೆ ಮುಂಚೆ ನಲವತ್ತು ಪತ್ರಿಕೆ ಮುಗಿಸಬೇಕಿತ್ತು. ನಮ್ಮ ಶಾಲೆಯ ಪತ್ರಿಕೆಗಳು ನನ್ನ ಕೈಗೆ ಬರುವುದಿಲ್ಲ ಎಂಬುದು ನಿಯಮವಾದ್ದರಿಂದ, ಯಾರದೋ ಮಕ್ಕಳು, ನಂಬರು ಮಾತ್ರ ಇದ್ದ ಹಾಳೆಗಳು, ಎಂದು ಹನ್ನೊಂದನೇ ಪ್ರಶ್ನೆಗೆ ಬಂದಾಗಲೆಲ್ಲ ಉತ್ತರವನ್ನು ಓದುವ ಗೋಜಿಗೆ ಹೋಗದೆ 'ವೃದ್ಧಾಪ್ಯ' ಎಂಬ ಪದ ಇದೆಯೇ ಎಂದು ಕಣ್ಣಾಡಿಸಿದೆ. ಇದ್ದರೆ ಐದು, ಇಲ್ಲದಿದ್ದರೆ ಸೊನ್ನೆ. ತಮ್ಮ ವಿಧಾನ ಎಷ್ಟು ಸುಲಲಿತವೆಂದರೆ ಕನ್ನಡ ಬಾರದವನೂ ಅದರಲ್ಲಿ ಕನ್ನಡ ಪರೀಕ್ಷಕನಾಗಬಹುದು.

ಫಲಿತಾಂಶ ಬಂದಾಗ ಮುನಿಯಲ್ಲಮ್ಮನಿಗೆ ಕನ್ನಡದಲ್ಲಿ ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಆಕೆಯ ತಂದೆ ಎಲ್ಲಪ್ಪ ಎರಡು ಎಕರೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವವರು. ಮಗಳು ಫೇಲಾದರೆ ಶಾಲೆ ಬಿಡಿಸಿ ಹುಳದ ಮನೆಗೆ ಹಾಕುವುದೆಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ತಾಯಿ ಚಿಕ್ಕಗಂಗಮ್ಮ ಮಾತ್ರ ನನ್ನ ಬಳಿಗೆ ಬಂದು, "ಮಾತಾಡೋವಾಗ ಇಷ್ಟೊಂದು ಮಾತಾಡೋ ಹುಡುಗಿ ಬರೆಯೋವಾಗ ಹೆಂಗ್ ಫೇಲಾಗ್ತಾಳೆ ಸಾರ್? ನಂಗೆ ಆ ಪೇಪರು ನೋಡ್ಬೇಕು" ಎಂದು ಹಟ ಹಿಡಿದರು. ಪೋಷಕರು ಅರ್ಜಿ ಹಾಕಿದರೆ ಉತ್ತರಪತ್ರಿಕೆ ತೋರಿಸುವ ನಿಯಮ ಸಮಿತಿಯಲ್ಲಿ ಹೇಗೋ ನುಸುಳಿಕೊಂಡಿದೆ. ಇಬ್ಬರೂ ಕೋಲಾರಕ್ಕೆ ಹೋದೆವು.

ಚಿಕ್ಕಗಂಗಮ್ಮನಿಗೆ ಓದು ಬರುವುದಿಲ್ಲ. ಗುಮಾಸ್ತರು ಹಾಳೆ ಮುಂದಿಟ್ಟಾಗ ಆಕೆ ಅಕ್ಷರಗಳನ್ನು ಬಿಟ್ಟು ಕೊನೆಯ ಪುಟದ ಕೆಳಗೆ ನೋಡಿದರು. ನನ್ನ ಸಹಿಗೆ ಒಂದು ಉದ್ದನೆಯ ಬಾಲವಿದೆ. ಪ್ರಗತಿಪತ್ರದಲ್ಲಿ ವರ್ಷಕ್ಕೆ ಮೂರು ಸಲ ಅದನ್ನು ನೋಡಿ ಅದರ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದವರು ಆಕೆ.

"ಸಾರ್, ಇದು ನಿಮ್ಮ ಸೈನು ಅಲ್ವಾ?"

ಹೌದು. ಕಟ್ಟುಗಳನ್ನು ಬಿಚ್ಚಿ ಕಟ್ಟುವಾಗ ಎಲ್ಲೋ ಅದಲುಬದಲಾಗಿ ನಮ್ಮ ಶಾಲೆಯ ಪತ್ರಿಕೆಗಳು ನನ್ನ ಕೈಗೇ ಬಂದಿದ್ದವು. ಹನ್ನೊಂದನೇ ಉತ್ತರದ ಮೇಲೆ ಕೆಂಪು ಸೊನ್ನೆ, ದುಂಡಗೆ, ಅಂದವಾಗಿ, ನನ್ನ ಕೈಬರಹದಲ್ಲಿ ಕುಳಿತಿತ್ತು. ಅಂಕ ಬದಲಿಸಲಾಗದು, ಕೂಡಿಕೆ ತಪ್ಪಿದ್ದರೆ ಮಾತ್ರ ತಿದ್ದಬಹುದು ಎಂದರು ಗುಮಾಸ್ತರು. ಕೂಡಿಕೆ ಸರಿಯಾಗಿತ್ತು, ನಾನು ಲೆಕ್ಕದಲ್ಲಿ ಗಟ್ಟಿಗ. ಆ ಉತ್ತರವನ್ನು ಒಂದು ಚೀಟಿಯಲ್ಲಿ ನಕಲು ಮಾಡಿಕೊಂಡು ಹೊರಬಂದೆ.

ನಮ್ಮ ಬಸ್ಸು ಮುಳಬಾಗಿಲು ದಾಟಿತು. ಚಿಕ್ಕಗಂಗಮ್ಮ, "ನೀವು ಓದ್ಲಿಲ್ವಾ ಸಾರ್?" ಎಂದು ಕೇಳಿದರು. ಬೈಯಲಿಲ್ಲ, ಸುಮ್ಮನೆ ಕೇಳಿದರು.

"ಇಲ್ಲಮ್ಮಾ, ಓದಲಿಲ್ಲ."

"ಹಂಗಾದ್ರೆ ಈಗ ಓದಿ. ನಾನೂ ಕೇಳ್ತೀನಿ."

ಬಸ್ಸಿನ ಗದ್ದಲದಲ್ಲಿ ಗಟ್ಟಿಯಾಗಿ ಓದಿದೆ. ಮುನಿಯಲ್ಲಮ್ಮ ಬರೆದದ್ದು ಇಷ್ಟು: 'ಸುಬ್ಬರಾಯರು ಕಿವುಡರಲ್ಲ. ಅವರಿಗೆ ಎಲ್ಲಾ ಕೇಳುತ್ತದೆ. ಮೊದಲು ಬೇರೆಯವರ ಗುಟ್ಟು ತಿಳಿಯಲು ನಟಿಸಿದರು. ಮಗಳು ಅಳುವುದು ಕೇಳಿದ ಮೇಲೂ ನಟನೆ ಬಿಡಲಿಲ್ಲ, ಏಕೆಂದರೆ ಅವರಿಗೆ ಭಯ. ಕೇಳಿಸಿತು ಅಂತ ಒಪ್ಪಿಕೊಂಡರೆ ಏನಾದರೂ ಮಾಡಬೇಕಾಗುತ್ತದೆ.'

ಮಾನ್ಯರೇ, ಕೊನೆಯ ಆ ಎರಡು ವಾಕ್ಯಗಳನ್ನು ನಾನು ಪಾಠ ಮಾಡಿರಲಿಲ್ಲ. ನನಗೆ ಹೊಳೆದೂ ಇರಲಿಲ್ಲ. ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ ನೋಡಿದರು. ಚಿಕ್ಕಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ನಿಜಾನೇ ಅಲ್ವಾ ಸಾರ್ ಇದು? ಇದಕ್ಕೆ ಸೊನ್ನೇನಾ?" ಎಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ರಾಗಿ ಹೊಲಗಳನ್ನು ನೋಡಿದೆ. ಆ ಹೊತ್ತಿನಲ್ಲಿ ಹೊಲಗಳಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಆಗಲೇ ತಮಗೆ ಆ ಮೂರು ಪತ್ರ ಬರೆದದ್ದು. ಚೀಟಿ ಬಂದ ಮೇಲೆ ಇನ್ನೊಂದು ದಾರಿ ಯೋಚಿಸಿದೆ. ಓದಿ ತಿಳಿಯದಿದ್ದುದು ನೋಡಿದರೆ ತಿಳಿಯಬಹುದು ಎಂದು, ಮೇ ತಿಂಗಳ ಒಂದು ಸಂಜೆ ಐದು ಗಂಟೆಗೆ ಶಾಲೆಯ ಅಂಗಳದಲ್ಲಿ ಮಕ್ಕಳಿಂದ ಅದೇ ನಾಟಕ ಆಡಿಸಿ, ತಮ್ಮನ್ನು ಮುಖ್ಯ ಅತಿಥಿಗಳಾಗಿ ಕರೆದೆ. ಹಾರವಿದೆಯೆಂದು ಬರೆದಿದ್ದೆ, ತಾವು ದಯಮಾಡಿಸಿದಿರಿ. ಅದೇ ತರಗತಿಯ ಕದಿರೇಶ ಸುಬ್ಬರಾಯನಾಗಿದ್ದ, ಮುನಿಯಲ್ಲಮ್ಮ ಪುಟ್ಟಕ್ಕನಾಗಿದ್ದಳು. ಹೆದ್ದಾರಿಯ ಲಾರಿಯವರೂ ಇಳಿದು ಬಂದು ಕಾಂಪೌಂಡಿನ ಮೇಲೆ ಕುಳಿತು ನಕ್ಕರು. ತಾವೂ ನಗುತ್ತಿದ್ದುದನ್ನು ಕಂಡು, ಪಾಸಿಗೆ ಬೇಕಿದ್ದ ನಾಲ್ಕು ಅಂಕ ಸಿಕ್ಕಿತೆಂದೇ ನಾನು ಹಿಗ್ಗಿದೆ.

ಆಮೇಲೆ ತಾವು ಭಾಷಣಕ್ಕೆ ನಿಂತಿರಿ. ಅದರ ಒಂದು ವಾಕ್ಯವನ್ನು ನಾನು ಸಾಯುವವರೆಗೂ ಮರೆಯಲಾರೆ: "ಕೊನೆಯ ಅಂಕದಲ್ಲಿ ಸುಬ್ಬರಾಯರಿಗೆ ಪುನಃ ಕಿವಿ ಕೇಳಿಸುವಂತಾದದ್ದು ದೈವಕೃಪೆ, ವೃದ್ಧರನ್ನು ಗೌರವಿಸಿದರೆ ಎಂಥ ಕಾಯಿಲೆಯೂ ವಾಸಿಯಾಗುತ್ತದೆಂಬುದೇ ಈ ನಾಟಕದ ನೀತಿ."

ಆಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುನಿಯಲ್ಲಮ್ಮನ ಅಜ್ಜಿ ಆವಲಮ್ಮ, "ಈ ಅಯ್ಯಕು ನಿಜಂಗಾನೇ ಚೆವುಡಾ?" ಎಂದು ಕೇಳಿದರು. ಈ ಅಯ್ಯನಿಗೆ ನಿಜವಾಗಿಯೂ ಕಿವುಡೇ ಎಂದು. ಆ ದಿನದ ಅತಿ ದೊಡ್ಡ ನಗು ಎದ್ದದ್ದು ಆಗ. ತಾವು ಅದನ್ನು ತಮ್ಮ ಮಾತಿಗೆ ಸಂದ ಮೆಚ್ಚುಗೆಯೆಂದು ತಿಳಿದು, ನಾಲ್ಕೂ ದಿಕ್ಕಿಗೆ ಕೈಮುಗಿದು ಕುಳಿತಿರಿ. ಅರವತ್ತು ವರ್ಷಗಳಿಂದ ಆಡುತ್ತಿರುವ ನಾಟಕಕ್ಕೆ ಹೊಸದೊಂದು ಅಂಕವನ್ನು ನಿಂತ ನಿಲುವಿನಲ್ಲೇ ಸೇರಿಸಿದ ಕೀರ್ತಿ ತಮ್ಮದು.

ಜೂನ್‌ನಲ್ಲಿ ಪೂರಕ ಪರೀಕ್ಷೆ ಬಂತು. ಹಳೆಯ ಪ್ರಶ್ನೆಗಳನ್ನೇ ಕೊಡುವುದಾಗಿ ಸಮಿತಿಯೇ ಸುತ್ತೋಲೆ ಕಳಿಸಿತ್ತು. ಹಿಂದಿನ ದಿನ ಮುನಿಯಲ್ಲಮ್ಮ ತಾಯಿಯ ಜೊತೆ ಬಂದು ಬಾಗಿಲಲ್ಲಿ ನಿಂತು, "ಸಾರ್, ಈ ಸಲ ಏನ್ ಬರೀಲಿ? ನಿಜ ಬರೀಲಾ, ಪಾಸಾಗೋದು ಬರೀಲಾ?" ಎಂದಳು.

ನಾನು ಕನ್ನಡ ಪಂಡಿತ. ಕಪಾಟಿನಿಂದ ನಿಘಂಟು ತೆಗೆದು ಅದರ ಧೂಳು ಒರೆಸತೊಡಗಿದೆ. ಚಿಕ್ಕಗಂಗಮ್ಮನೇ ಹೇಳಿದರು: "ಪಾಸಾಗೋದು ಬರಿ ಕಣೇ. ನಿಜ ಏನು ಅಂತ ನಮಗ್ ಗೊತ್ತಲ್ಲ. ಅಪ್ಪನಿಗೆ ತೋರ್ಸೋಕೆ ನಂಗೊಂದು ಕಾಗ್ದ ಬೇಕು."

ಆಕೆ 'ವೃದ್ಧಾಪ್ಯದಿಂದ' ಎಂದು ಬರೆದಳು. ಒತ್ತಕ್ಷರ ತಪ್ಪಿತ್ತಂತೆ, ಆದರೂ ಐದಕ್ಕೆ ಐದು. ಎಲ್ಲಪ್ಪ ಕಾಗದ ನೋಡಿ ಹುಳದ ಮನೆಯ ಮಾತು ಬಿಟ್ಟರು. ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ತಮಗೆ ಅಭಿನಂದನೆಗಳು. ಆದರೆ ಮೊನ್ನೆ ಹೊಸ ಪಾಠದಲ್ಲಿ ಒಂದು ಪ್ರಶ್ನೆ ಕೇಳಿದಾಗ, ಎಲ್ಲರಿಗಿಂತ ಮೊದಲು ಕೂಗುತ್ತಿದ್ದ ಆಕೆ ಪೆನ್ನು ಹಿಡಿದು ತಲೆ ಬಗ್ಗಿಸಿ, "ಮಾದರಿ ಉತ್ತರ ಏನು ಸಾರ್? ಹೇಳಿ, ಬರ್ಕೋತೀನಿ" ಎಂದಳು. ಈ ಪತ್ರವನ್ನು ಅಂದೇ ಬರೆಯಲು ಕುಳಿತೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ಮುಂದಿನ ವರ್ಷದಿಂದ ನಾಟಕದ ಪುಸ್ತಕವನ್ನು ಹಂಚದೆ ಮಾದರಿ ಉತ್ತರಗಳನ್ನಷ್ಟೇ ಹಂಚಿದರೆ ಮಕ್ಕಳಿಗೆ ಹೊರೆ ಕಡಿಮೆಯಾದೀತು. ನಗಬೇಕಾದ ಸಾಲುಗಳಿಗೆ ಗುರುತು ಹಾಕಿ, ಒಂದು ನಗುವಿಗೆ ಎಷ್ಟು ಅಂಕ, ಹಲ್ಲು ಕಾಣುವಂತೆ ನಕ್ಕರೆ ಎಷ್ಟು ಎಂಬುದನ್ನೂ ಸುತ್ತೋಲೆಯಲ್ಲಿ ತಿಳಿಸಬೇಕು. ಸಾಧ್ಯವಾದರೆ ಸ್ವರ್ಗದಲ್ಲಿರುವ ನಾಟಕಕಾರರನ್ನು ಕರೆಸಿ ಪೂರಕ ಪರೀಕ್ಷೆಗೆ ಕೂರಿಸಬೇಕು, ಅವರು ಖಂಡಿತ ಫೇಲಾಗುತ್ತಾರೆ. ಇವುಗಳಲ್ಲಿ ಯಾವುದೂ ಆಗದಿದ್ದರೆ, ಹನ್ನೊಂದನೇ ಉತ್ತರವನ್ನು ತಿದ್ದಿ, ಅದರಿಂದ ಸೊನ್ನೆ ಪಡೆದ ಮಕ್ಕಳ ಪತ್ರಿಕೆಗಳನ್ನೆಲ್ಲ ಹೊರತೆಗೆಸಿ. ಅವುಗಳಲ್ಲಿ ನನ್ನ ಕೈಯವು ಎಷ್ಟಿವೆಯೋ ಅವನ್ನು ನಾನೇ ಬಂದು, ಈ ಸಲ ಓದಿ, ಮತ್ತೆ ತಿದ್ದಿಕೊಡುತ್ತೇನೆ. ಕಾಫಿ ಬೇಡ.

ತಮ್ಮ ವಿಶ್ವಾಸಿ,
ಎನ್. ಚನ್ನರಾಯಪ್ಪ
ಕನ್ನಡ ಪಂಡಿತ

ಮರೆತ ಮಾತು: ಹೆಸರು ಬರುವುದರಿಂದ, ಅಂಚೆಗೆ ಹಾಕುವ ಮುನ್ನ ಈ ಪತ್ರವನ್ನು ಮುನಿಯಲ್ಲಮ್ಮನಿಗೆ ಓದಲು ಕೊಟ್ಟಿದ್ದೆ. ಮಾದರಿ ಉತ್ತರ ಯಾವುದೂ ಇಲ್ಲ, ಏನನ್ನಿಸಿತೋ ಹೇಳು ಎಂದೆ. ಆಕೆ ಹತ್ತಕ್ಕೆ ಆರು ಅಂಕ ಕೊಟ್ಟಳು. "ನೀವು ಓದ್ಲಿಲ್ಲ ಅನ್ನೋದನ್ನ ಇನ್ನೂ ಮುಂಚೇನೇ ಹೇಳ್ಬೇಕಿತ್ತು ಸಾರ್, ಅದಕ್ಕೆ ಎರಡು ಕಟ್. ಇನ್ನೆರಡು ಯಾಕಂದ್ರೆ, ಆಯಪ್ಪ ಇದನ್ನೆಲ್ಲ ಹೊಗಳಿಕೆ ಅಂತಾನೇ ಓದ್ಕೊಂಬಿಡ್ತಾರೆ" ಎಂದಳು. ಮೌಲ್ಯಮಾಪನ ಸರಿಯಾಗಿದೆ ಎನ್ನಿಸಿತು. ಆಕೆಯ ಸಲಹೆಯಂತೆ, ತಮಗೆ ಯಾವ ಗೊಂದಲವೂ ಆಗದಿರಲೆಂದು ಕೊನೆಗೊಂದು ಸಾಲು ಸೇರಿಸುತ್ತಿದ್ದೇನೆ: ಇದು ದೂರು.