ಹೊಸ ಮದುಮಗಳಾಗಿ ಕೆಟ್ಟೆ!

ಟಿ.ವಿ.ಯೊಳಗೆ ಮತ್ತೆ ನುಗ್ಗಿ ನಾಡನ್ನೇ ಬೆರಗುಗೊಳಿಸದೆ ಬಿಡುವವಳಲ್ಲ ನಾನು ಎಂದು, 1985ರ ಬೇಸಿಗೆಯಲ್ಲಿ, ಒಗ್ಗರಣೆ ಸೌಟನ್ನು ಗದೆಯಂತೆ ಎತ್ತಿ ಹಿಡಿದು ಘೋಷಿಸಿದೆ!

'ಮತ್ತೆ' ಎಂದದ್ದು ಸುಮ್ಮನಲ್ಲ. ಹತ್ತು ವರ್ಷದ ಹಿಂದೆ ಉಪಗ್ರಹದ ಮೂಲಕ ನಮ್ಮ ಹಳ್ಳಿಗಳಿಗೆ ಟಿ.ವಿ. ಬಂದಾಗ, ಬೇಸಾಯದ ನಾಟಕಗಳಲ್ಲಿ ನಾನೇ ಮದುಮಗಳು. ನನ್ನ ತವರೂರು ಅರಕೇರಾದ ಜನ ಪೆಟ್ಟಿಗೆಯ ಮುಂದೆ ಕೂತು "ಚನ್ನಮಲ್ಲಮ್ಮ ಬಂದ್ಲು!" ಎಂದು ಕೂಗುತ್ತಿದ್ದರು. ನನ್ನ ಕೀರ್ತಿ ಆಕಾಶದಲ್ಲಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ವರ್ಷ ಕಳೆಯಿತು, ಉಪಗ್ರಹ ಬೇರೆ ಕಡೆ ಹೊರಟಿತು, ಕೀರ್ತಿಯೂ ಅದರ ಬೆನ್ನು ಹಿಡಿದು ಹೋಯಿತು.

ಈಗ ಟಿ.ವಿ. ಅಧಿಕಾರಿಯೊಬ್ಬರು ಹೊಸ ಧಾರಾವಾಹಿಗೆ ನಾಯಕಿಯನ್ನು ಹುಡುಕುತ್ತಾ ಮಾನ್ವಿಯ ನಮ್ಮ ಮನೆಗೇ ಬರುವವರಿದ್ದರು. ನಾಯಕಿ ಎಂದರೆ ಎಳೆ ಪ್ರಾಯ ಬೇಕಲ್ಲ! ತಲೆಗೆ ಕಪ್ಪು ಬಣ್ಣ ಬಳಿದುಕೊಂಡೆ. ಆದರೆ ನನ್ನೆತ್ತರಕ್ಕೆ ಬೆಳೆದ ಮಗಳು ಬಸಲಿಂಗಿಯನ್ನು ಎಲ್ಲಿ ಬಚ್ಚಿಡುವುದು? ಜಿಲೇಬಿ ತಿನ್ನಿಸಿ, "ಇವತ್ತ ನೀನು ನನ್ನ ತಂಗಿ. ಯಕ್ಕಾ ಅನ್ನು" ಎಂದು ಒಪ್ಪಿಸಿದೆ.

ಅಕ್ಕಿ ಗಿರಣಿಯಿಂದ ಊಟಕ್ಕೆ ಬಂದ ಗಂಡ ಮರಿಸ್ವಾಮಿಗೂ ಪಾಠವಾಯಿತು.

"ನೀವು ನನ್ನ ಅಣ್ಣ ಅಂತ ಹೇಳ್ರಿ."

"ಏ ಹುಚ್ಚೀ! ಹದಿನೈದು ವರ್ಷ ಗಂಡ ಆಗಿದ್ದವ ಈಗ ಅಣ್ಣ ಆಗ್ಲೇನು?"

"ಹಂಗಾರ ಗಂಡನೇ ಆಗ್ರಿ. ಆದ್ರ ಹೊಸಾ ಗಂಡ! ಹೋದ ತಿಂಗಳ ಮದಿವಿ ಆಗೇದ."

"ಹೊಸಾ ಗಂಡಗ ಈ ಹಳೇ ಹೊಟ್ಟಿ ಎಲ್ಲಿಂದ ಬಂತು ಅಂದ್ರ?"

"ಬೀಗರೂಟ ಉಂಡೀನಿ ಅನ್ರಿ!"

ಸುಳ್ಳು ಹೇಳಲು ಬಾರದ ಅತ್ತೆ ಹಂಪಮ್ಮನನ್ನು ಪಕ್ಕದ ಮನೆಯ ಖುರ್ಷೀದ್ ಬೇಗಂ ಹತ್ತಿರ ಹರಟೆಗೆ ಸಾಗಹಾಕಿದೆ.

ಅಧಿಕಾರಿ ಬಂದರು. ಮೈಸೂರು ಕಡೆಯವರು. ಚಹಾ ಕುಡಿದು ನವದಂಪತಿಗೆ ಶುಭ ಹಾರೈಸಿದರು. ಆಮೇಲೆ ದೊಡ್ಡ ನಿಟ್ಟುಸಿರು ಬಿಟ್ಟರು.

"ಎಂಥಾ ನಿರಾಸೆಯಾಯ್ತು ನೋಡಿ! ನಮ್ಮ ಕಥೆಯ ನಾಯಕಿ ಒಬ್ಬ ತಾಯಿ. ಬೆಳೆದ ಮಗಳಿರೋ ತಾಯಿ. ಪಾತ್ರ ನಿಮಗೇ ಅಂತ ಬಂದಿದ್ದೆ. ನೀವು ನೋಡಿದ್ರೆ ಈಗ ತಾನೇ ಮದುವೆಯಾದವರು!"

ತಟ್ಟನೆ ಒಳಗೋಡಿದೆ. ಬಸಲಿಂಗಿಯನ್ನು ದರದರ ಎಳೆದು ತಂದೆ.

"ಇಕಿ ನನ್ನ ಮಗಳ್ರೀ ಸಾಹೇಬ್ರ! ನಾನ ಹಡದೀನಿ!"

"ಯಕ್ಕಾ, ಯಾಕ ಸುಳ್ಳ ಹೇಳ್ತಿ?" ಎಂದಳು ಜಿಲೇಬಿಯ ಋಣ ಮರೆಯದ ಮಗಳು.

"ಅಯ್ಯ, ನೀವಾರ ಹೇಳ್ರಿ!" ಎಂದು ಗಂಡನ ಕಡೆ ತಿರುಗಿದೆ.

"ಹೋದ ತಿಂಗಳನ ಮದಿವಿ ಆಗೇದ್ರಿ ಸಾಹೇಬ್ರ. ಹೊಟ್ಟಿ ಬೀಗರೂಟದ್ದು!"

ಎಂದೂ ನನ್ನ ಮಾತು ಕೇಳದ ಅಪ್ಪ-ಮಗಳು ಅಂದೇ ವಿಧೇಯರಾಗಬೇಕೆ! ಹೋ ಎಂದು ಅಳತೊಡಗಿದೆ. ಅದೇ ಹೊತ್ತಿಗೆ ಕರೆಂಟು ಹೋಗಿ ಫ್ಯಾನು ನಿಂತಿತು. ಬೆವರು, ಕಣ್ಣೀರು, ತಲೆಯ ಕಪ್ಪು ಎಲ್ಲ ಒಟ್ಟಾಗಿ ಇಳಿದು, ಮುಖದ ಮೇಲೆ ಕೃಷ್ಣೆ-ತುಂಗಭದ್ರೆಯರ ಸಂಗಮವೇ ಆಯಿತು! ಅಧಿಕಾರಿ ಹೌಹಾರಿ ಎದ್ದು ನಿಂತರು.

ನನ್ನ ಕೂಗು ಕೇಳಿ ಹಂಪಮ್ಮ ಸೆರಗು ಸಿಕ್ಕಿಸಿಕೊಂಡು ನುಗ್ಗಿ ಬಂದರು. ಹಿಂದೆಯೇ ಖುರ್ಷೀದ್ ಬೇಗಂ.

"ಯಾವನ್ಲೇ ಅವ, ನನ್ನ ಸೊಸಿನ ಅಳಿಸಿದವ? ಹದಿನೈದು ವರ್ಷದಿಂದ ಈಕಿನ್ನ ಅಳಸೂದು ನನ್ನ ಕೆಲಸ! ನಡುವ ನೀ ಯಾರು?"

"ಹೌದ್ರಿ, ಅದು ಓಣಿಗೆಲ್ಲ ಗೊತ್ತದ" ಎಂದು ಖುರ್ಷೀದ್ ಬೇಗಂ ಸಾಕ್ಷಿ ನುಡಿದರು.

ಅಬ್ಬ, ಹದಿನೈದು ವರ್ಷದ ಸತ್ಯ ಹೊರಬಿತ್ತು, ಇನ್ನು ಪಾತ್ರ ನನ್ನದೇ ಎಂದು ಮುಖ ಒರೆಸಿಕೊಂಡೆ. ಅಧಿಕಾರಿ ನನ್ನತ್ತ ತಿರುಗಿಯೂ ನೋಡಲಿಲ್ಲ.

"ಆಹಾ, ಏನು ಧ್ವನಿ! ಏನು ಗತ್ತು! ತಾಯಿ ಬೇಡ, ಅಜ್ಜಿಯ ಕಥೆಯನ್ನೇ ಮಾಡೋಣ!"

ದೇವದುರ್ಗದಲ್ಲಿ ಶೂಟಿಂಗ್ ಶುರುವಾಯಿತು. ಕ್ಯಾಮೆರಾ ಕಂಡದ್ದೇ ತಡ, ಹಂಪಮ್ಮನ ಬಾಯಿಗೆ ಬೀಗ ಬಿತ್ತು! ಅಧಿಕಾರಿ ನನ್ನ ಬಳಿ ಓಡಿ ಬಂದರು.

"ಚನ್ನಮಲ್ಲಮ್ಮನವರೇ, ನೀವಿಲ್ಲದೆ ಈ ಧಾರಾವಾಹಿಯೇ ಇಲ್ಲ! ದಯವಿಟ್ಟು ಕ್ಯಾಮೆರಾ ಹಿಂದೆ ನಿಂತ್ಕೊಳ್ಳಿ. ನಿಮ್ಮ ಮುಖ ಕಂಡ್ರೆ ಅವರಿಗೆ ಮಾತು ತಾನಾಗಿ ಬರುತ್ತೆ."

ನಿಂತೆ. ಬಂತು! ಪುಂಖಾನುಪುಂಖವಾಗಿ ಬಂತು! ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಅಧಿಕಾರಿ "ಸಾಕು, ಓಕೆ!" ಎಂದರು.

"ತಡೀರಿ ಸಾಹೇಬ್ರ" ಎಂದರು ನನ್ನ ಅತ್ತೆ, "ಇನ್ನೊಮ್ಮಿ ತಗೀರಿ. ಆಕಿಗಿ ಬಯ್ಯೂದು ಇನ್ನಾ ಭಾಳ ಉಳದದ!"