ಲಂಗರಿನ ಮೇಲೆ ನನ್ನ ತಕರಾರು

ಮಾದಾಪುರದ ನಮ್ಮ ಬೀದಿಯಲ್ಲಿ ಯಾರ ಮನೆಯ ಬಾವಿಗೆ ಕೊಡ ಬಿದ್ದರೂ ಮೊದಲು ಕರೆ ಬರುವುದು ನನಗೇ. ಬಾವಿಗೆ ಬಿದ್ದದ್ದನ್ನು ಕೊಕ್ಕೆ ಹಾಕಿ ಎತ್ತುವ ಪಾತಾಳಗರಡಿ ಇರುವುದು ನಮ್ಮಲ್ಲಿ ಮಾತ್ರ. ಈ ವಿದ್ಯೆಯಲ್ಲಿ ನನಗೆ ಎದುರು ಮಾತಾಡಿದವರಿಲ್ಲ, ಹೆಂಡತಿ ಸಾವಿತ್ರಿಯೊಬ್ಬಳನ್ನು ಬಿಟ್ಟು.

ಇಂಥ ನಾನು ಹೋದ ತಿಂಗಳು ಅವಳೊಂದಿಗೆ ಘಟ್ಟ ಇಳಿದು, ಕಡಲ ತೀರದ ಊರೊಂದರಲ್ಲಿ ಮುಳುಗಿದ ಹಡಗುಗಳ ಸಾಮಾನು ಇಟ್ಟಿರುವ ಪುಟ್ಟ ಮ್ಯೂಸಿಯಂಗೆ ಹೋದೆ. ಎರಡೇ ಕೋಣೆ. ತುಕ್ಕು ಹಿಡಿದ ಮೊಳೆ, ಒಡೆದ ಪಿಂಗಾಣಿ ಬಟ್ಟಲು, ಕತ್ತು ಮುರಿದ ಬಾಟಲಿ. ಸಹಿಸಿಕೊಂಡೆ. ಆದರೆ ನಡುವಿನ ಮೇಜಿಗೆ ಕೆಂಪು ಬಟ್ಟೆ ಹಾಸಿ, ಅದರ ಮೇಲೊಂದು ಪಾತಾಳಗರಡಿ ಮಲಗಿಸಿ, ‘ಹಡಗಿನ ದೋಣಿಯ ಲಂಗರು’ ಎಂದು ಚೀಟಿ ಅಂಟಿಸಿದ್ದರು! ನನಗೆ ಮೈಯೆಲ್ಲ ಉರಿದುಹೋಯಿತು.

“ಏನ್ರೀ ಇದು ಮೋಸ? ಟಿಕೆಟ್ ತಗೊಂಡು ಬಂದೋರ ಕಣ್ಣಿಗೆ ಮಣ್ಣೆರಚ್ತೀರಾ?” ಎಂದು ಮೇಲ್ವಿಚಾರಕರನ್ನು ತರಾಟೆಗೆ ತೆಗೆದುಕೊಂಡೆ.

“ಲಂಗರೇ ಮಾರಾಯ್ರೆ. ಮೀನಿನ ಬಲೆಗೆ ಸಿಕ್ಕಿದ್ದು. ಇಲ್ಲಿ ಜನ ನೋಡ್ಲಿಕ್ಕೆ ಬರುವುದೇ ಅದನ್ನು.”

“ನಲವತ್ತು ವರ್ಷದಿಂದ ಬಾವಿಗೆ ಇಳಿಸ್ತಿದ್ದೀನಿ, ನನಗೇ ಹೇಳ್ತೀರಾ? ಎಲ್ಲಿ, ಕಂಪ್ಲೇಂಟ್ ಬುಕ್ ಕೊಡಿ!”

“ಸುಮ್ನಿರಿ ಅತ್ಲಾಗೆ,” ಎಂದಳು ಸಾವಿತ್ರಿ. “ಅದಕ್ಕೆ ನಾಲ್ಕೇ ಕೊಕ್ಕೆ ಇರೋದು.”

“ಉಳಿದದ್ದು ತುಕ್ಕು ತಿಂದಿರುತ್ತೆ!”

ಮೇಲ್ವಿಚಾರಕರು ಆಚೀಚೆ ನೋಡಿ ದನಿ ತಗ್ಗಿಸಿದರು. “ನಿಮಗೆ ಅಷ್ಟು ಗೊತ್ತುಂಟಾ? ಹಿತ್ತಲ ಬಾವಿಗೆ ನಮ್ಮ ಕೊಡಪಾನ ಬಿದ್ದು ಮೂರು ದಿನ ಆಯ್ತು. ಇದರಲ್ಲೇ ತೆಗೆದು ಕೊಡಿ, ನೋಡುವ. ಆದ್ರೆ ಜಾಗ್ರತೆ, ಇದಕ್ಕೆ ಏನಾದ್ರೂ ಆದ್ರೆ ನನ್ನ ಕೆಲಸ ಹೋಗ್ತದೆ.”

ಸತ್ಯಕ್ಕೆ ಜಯವಾಗಲೇಬೇಕಿತ್ತು. ಹಗ್ಗ ಕಟ್ಟಿದೆ. ಇಳಿಸಿದೆ. ಆಡಿಸಿದೆ. “ಸಿಕ್ತು!” ಎಂದು ಘೋಷಿಸಿ ಎಳೆದೆ. ಹಗ್ಗ ಬಹಳ ಹಗುರವಾಗಿ ಮೇಲೆ ಬಂತು. ತುದಿಯಲ್ಲಿ ಕೊಡಪಾನ ಇರಲಿಲ್ಲ. ಲಂಗರೂ ಇರಲಿಲ್ಲ!

“ಅಯ್ಯೋ ದೇವರೇ, ಸಮುದ್ರದಿಂದ ಬದುಕಿ ಬಂದದ್ದು!” ಎಂದು ಮೇಲ್ವಿಚಾರಕರು ಬಾವಿಕಟ್ಟೆಯ ಮೇಲೆ ಕುಸಿದರು.

“ಎಂಥ ಹಗ್ಗ ಇಟ್ಟಿದ್ದೀರಿ ನೀವು? ಹರಿದೇ ಹೋಯ್ತಲ್ಲ!” ಎಂದು ನಾನು ಗದರಿದೆ.

ಸಾವಿತ್ರಿ ಹಗ್ಗದ ತುದಿಯನ್ನು ತಿರುಗಿಸಿ ನೋಡಿದಳು. “ಹಗ್ಗ ನೆಟ್ಟಗಿದೆ. ಬಿಚ್ಚಿರೋದು ನಿಮ್ಮ ಗಂಟು.”

ಗಲಾಟೆ ಕೇಳಿ, ಆವತ್ತಷ್ಟೇ ಪರಊರಿನಿಂದ ಮರಳಿದ್ದ ಪಕ್ಕದ ಮನೆಯ ಅಜ್ಜಿ ತಮ್ಮ ಪಾತಾಳಗರಡಿ ಹಿಡಿದು ಬಂದರು. ಕಬ್ಬಿಣದ ಬಳೆಗೆ ಗೊಂಚಲು ಗೊಂಚಲು ಕೊಕ್ಕೆ. ಅದಕ್ಕೂ ಲಂಗರಿಗೂ ಇರುವ ವ್ಯತ್ಯಾಸ ಅಂಗನವಾಡಿ ಮಕ್ಕಳಿಗೂ ತಿಳಿಯುವಂತಿತ್ತು. ಅಜ್ಜಿ ಮೊದಲ ಸಲಕ್ಕೆ ಕೊಡಪಾನ ಎತ್ತಿದರು, ಎರಡನೆಯ ಸಲಕ್ಕೆ ಲಂಗರು. ಮೇಲ್ವಿಚಾರಕರಿಗೆ ಹೋದ ಜೀವ ಬಂತು. ಲಂಗರನ್ನು ತಮ್ಮ ಪಂಚೆಯಲ್ಲೇ ಒರೆಸಿ, ಮೇಜಿನ ಮೇಲಿಟ್ಟು, ನನ್ನ ಮುಂದೆ ಪುಸ್ತಕ ಹಿಡಿದರು.

“ಕೇಳಿದ್ರಲ್ಲ, ಕಂಪ್ಲೇಂಟ್ ಬುಕ್. ಬರೀರಿ.”

‘ಮ್ಯೂಸಿಯಂ ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿದೆ.

ಊರಲ್ಲಿ ಯಾರಿಗೂ ಹೇಳಕೂಡದೆಂದು ಸಾವಿತ್ರಿಗೆ ಕಟ್ಟಪ್ಪಣೆ ಮಾಡಿದ್ದೆ. ಮೊನ್ನೆ ಎದುರು ಮನೆಯ ಶಾರದಕ್ಕನ ಕೊಡ ಬಾವಿಗೆ ಬಿತ್ತು. ಅವರು ಬಂದಾಗ ನಾನು ಪಂಚೆ ಎತ್ತಿಕಟ್ಟಿ ಹೊರಟೇಬಿಟ್ಟೆ.

“ನೀವು ಕೂತ್ಕೊಳಿ ಅಣ್ಣ, ಗರಡಿ ಕೊಟ್ರೆ ಸಾಕು,” ಎಂದರು ಶಾರದಕ್ಕ. “ಗಂಟು ನಾವೇ ಹಾಕ್ಕೋತೀವಿ.”