ಸಿದ್ದಣ್ಣನ ಬೀಳ್ಕೊಡುಗೆಯ ಫೋಟೊ

ನನಗೆ ಫೋಟೊ ತೆಗೆಯಲು ಬರುವುದಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ತಡವಾದದ್ದಕ್ಕೆ ಕಾರಣ ನನ್ನ ಕ್ಯಾಮೆರಾ. ಅಷ್ಟು ದುಬಾರಿಯದನ್ನು ಕೊರಳಿಗೆ ನೇತುಹಾಕಿಕೊಂಡವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅವನಿಗಂತೂ ಬರುವುದೇ ಇಲ್ಲ. ಗುಂಡ್ಲುಪೇಟೆಯ ನಮ್ಮ ಮನೆಯ ಬೀರುವಿನಲ್ಲಿ ಅದಕ್ಕೊಂದು ಖಾನೆಯನ್ನೇ ಬಿಟ್ಟುಕೊಟ್ಟಿರುವ ಹೆಂಡತಿ ಒಮ್ಮೆ, "ಇಷ್ಟು ದೊಡ್ಡ ಕ್ಯಾಮೆರಾದಲ್ಲೂ ನಾನು ಹಿಂಗೇ ಕಾಣೋದಾ?" ಎಂದು ಕೇಳಿದ್ದಳು. ತಪ್ಪು ಬೆಳಕಿನದು ಎಂದಿದ್ದೆ.

ನಾನು ಬದನಗುಪ್ಪೆಯ ಒಂದು ನೂಲಿನ ಕಾರ್ಖಾನೆಯಲ್ಲಿ ಗುಮಾಸ್ತ. ನನ್ನ ಮೇಜಿನಿಂದ ಹತ್ತು ಹೆಜ್ಜೆಗೆ ಉಗ್ರಾಣ. ನಾನು ಕೆಲಸಕ್ಕೆ ಸೇರಿದಾಗಿನಿಂದ ಅದನ್ನು ನೋಡಿಕೊಳ್ಳುತ್ತಿದ್ದವರು ಹರದನಹಳ್ಳಿಯ ಸಿದ್ದಣ್ಣ, ಮಾತು ಕಮ್ಮಿ. ಹೋದ ವರ್ಷ ನಿವೃತ್ತಿಯ ದಿನ ಬೆಳಿಗ್ಗೆ ಬಂದು, "ಸಾ, ನಂದೊಂದು ಒಳ್ಳೆ ಪೋಟ ತಗ್ದುಕೊಡಿ. ಮನೇಲಿ ನಂದು ಒಂದೂ ಇಲ್ಲ. ಮದ್ವೇದೂ ಇಲ್ಲ" ಎಂದರು. ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ನಾನು ಲೆನ್ಸ್ ಬದಲಿಸಿದೆ, ಸ್ಟ್ಯಾಂಡ್ ಹೂಡಿದೆ, ಸಿದ್ದಣ್ಣನನ್ನು ಬೇವಿನ ಮರದಡಿ ನಿಲ್ಲಿಸಿದೆ, ಗೋಡೆಗೆ ಆನಿಸಿದೆ. "ಗಲ್ಲ ಸ್ವಲ್ಪ ಮೇಲೆ. ನಗಿ. ಅಷ್ಟೊಂದು ಬೇಡ." ನೂರಕ್ಕೂ ಹೆಚ್ಚು ಫೋಟೊ ಆದವು. ಎಲ್ಲದರಲ್ಲೂ ಸಿದ್ದಣ್ಣ ಪೊಲೀಸರ ಮುಂದೆ ನಿಂತವರಂತಿದ್ದರು. ತೋರಿಸಿದಾಗಲೆಲ್ಲ, ಜ್ವರದವನು ಗಂಜಿ ರುಚಿಯಾಗಿದೆ ಎನ್ನುವ ದನಿಯಲ್ಲಿ "ಚೆನ್ನಾಗದ ಸಾ" ಎಂದರು.

ಅಷ್ಟರಲ್ಲಿ ಕ್ಯಾಂಟೀನಿನ ಮಾದಮ್ಮ ಟೀ ತಂದರು. ಲೋಟ ಕೊಟ್ಟು, "ನಾಳಿಂದ ಎಂಟು ಗಂಟಕ ಯಾನ ಮಾಡೀರಿ ಸಿದ್ದಣ್ಣ?" ಎಂದರು.

"ಯಾನ ಮಾಡನವ್ವ! ರೆಡಿಯಾಗ್ಬುಟ್ಟು ಬಸ್‌ಸ್ಟಾಪ್ಗ ಬಂದು ನಿಂತ್ಕತೀನಿ. ಬಸ್ ಓದ್ಮೇಲ ಮನಗ ಓಯ್ತೀನಿ."

ಇಬ್ಬರೂ ನಕ್ಕರು. ನಗುತ್ತಲೇ ಸಿದ್ದಣ್ಣನ ಕಣ್ಣು ತುಂಬಿತು. ಮಾದಮ್ಮ ಸೊಂಟದಿಂದ ಗಾಜೊಡೆದ ಮೊಬೈಲು ತೆಗೆದು ಒಂದೇ ಒಂದು ಸಲ ಒತ್ತಿದರು.

ಸಿದ್ದಣ್ಣ ಅದನ್ನು ಬಹಳ ಹೊತ್ತು ನೋಡಿದರು. "ಇದು ನಾನು ಕನವ್ವ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಸಂಕೋಚದಿಂದ, "ಇದ್ನೇ ದೊಡ್ಡದು ಮಾಡ್ಸಿಕೊಡಿ ಸಾ" ಎಂದರು.

ಆಗ ನಾನೂ ನೋಡಿದೆ. ಲೋಟ ಹಿಡಿದ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ನನ್ನ ಫೋಟೊಗಳನ್ನೆಲ್ಲ ತಿರುವಿದೆ. ಒಂದೊಂದರಲ್ಲೂ ಆ ಕೈ ಬೆನ್ನ ಹಿಂದೆ. ಅದನ್ನು ನಾನು ವಿನಯ ಎಂದುಕೊಂಡಿದ್ದೆ. ಸಿದ್ದಣ್ಣ ಅತ್ತ ಹೋದ ಮೇಲೆ ಮಾದಮ್ಮನನ್ನು ಕೇಳಿದೆ.

"ಚಿಕ್ಕೋರಾಗಿದ್ದಾಗ ಆಲೆಮನೆ ಗಾಣಕ್ಕ ಸಿಕ್ಕಿದ್ದು ಸಾ. ಅದ್ಕೇ ಪೋಟಕ್ಕ ನಿಂತ್ಕತಿರ್‌ನಿಲ್ಲ. ನನ್ನತ್ರ ದಿನಾ ಆ ಕೈಲೇ ಅಲ್ವಾ ಟೀ ಈಸ್ಕಳದು?" ಎಂದು ಖಾಲಿ ಲೋಟ ಎತ್ತಿಕೊಂಡು ಹೋದರು.

ಚಾಮರಾಜನಗರದ ಸ್ಟುಡಿಯೋಕ್ಕೆ ನಾನೇ ಹೋದೆ. ಸ್ಟುಡಿಯೋದವನು ಫೋಟೊವನ್ನು ಪರದೆಯ ಮೇಲೆ ದೊಡ್ಡದು ಮಾಡಿ, "ಆ ಬೆರಳು ಬೇಕಾದ್ರೆ ಕೂರಿಸ್ಬುಡ್ಲಾ ಸಾ?" ಎಂದ. ಬೇಡ ಎಂದೆ. ಅವನು ಮತ್ತೆ ಆ ನಗುವನ್ನೇ ನೋಡುತ್ತ, "ಯಾರು ಸಾ ತಗ್ದದ್ದು?" ಎಂದ.

"ನಮ್ಮ ಕ್ಯಾಂಟೀನಿನ ಮಾದಮ್ಮ" ಎಂದೆ. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. "ನಾನೂ ಅಲ್ಲೇ ಇದ್ದೆ" ಎಂದು ಸೇರಿಸಿದೆ. ಅದೇನೂ ಸುಳ್ಳಲ್ಲ. ಹನ್ನೊಂದು ವರ್ಷ ಅಲ್ಲೇ ಇದ್ದೆ.